ಬಕ್ಕಪ್ಪನ ಎಡ ಹಿಮ್ಮಡಿ

ಔರಾದದ ಸರ್ಕಾರಿ ದಫ್ತರಿನ ಹಳೇ ವ್ಯಾನಿಗೆ ಎಣ್ಣೆಯ ಕ್ಲಚ್ಚು ಇತ್ತು. ಈ ಸಂಗತಿ ಊರಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು. ಯಾಕೆಂದರೆ ಅದರ ಡ್ರೈವರ್ ಬಕ್ಕಪ್ಪ ಇದನ್ನು ಹೇಳದೆ ಯಾರ ಮನೆಯ ಚಹಾವನ್ನೂ ಕುಡಿದು ಮುಗಿಸುತ್ತಿರಲಿಲ್ಲ.

"ಉಳದ ಮೋಟಾರಿಗೆಲ್ಲ ಕಬ್ಬಿಣದ ಸರಳ ಇರ್ತದರಿ. ಪೆಡಲ್ ಒತ್ತಿದ್ರ ಸರಳ ಎಳೀತದ, ಕ್ಲಚ್ಚು ಬಿಡ್ತದ. ನಮ್ಮ ಗಾಡೀದು ಹಂಗಲ್ಲ. ನಾ ಇಲ್ಲಿ ಎಡಗಾಲಿಂದ ಎಣ್ಣಿ ಒತ್ತತೇನಿ. ಎಣ್ಣಿ ನಳಿಗ್ಯಾಗ ಓಡಿ ಹೋಗಿ ಅಲ್ಲಿ ಕ್ಲಚ್ಚು ಬಿಡಸ್ತದ. ಔರಾದದಿಂದ ಭಾಲ್ಕಿ ತನಕ ಈ ಹುನರ ಗೊತ್ತಿದ್ದಾಂವ ಒಬ್ಬನೇ ಅದಾನ" ಎಂದು ಹೇಳಿ, ಆ ಒಬ್ಬ ಕುಶಲಿ ಯಾರು ಅಂತ ಕೇಳಲಿ ಎಂದು ಕಾಯುವನು. ಯಾರೂ ಕೇಳುತ್ತಿರಲಿಲ್ಲ. ಕೊನೆಗೆ ತಾನೇ ಹೇಳುವನು.

ಅದು ಯಾವ ಖಾತೆಯ ದಫ್ತರು ಎಂದು ಮಾತ್ರ ನಾನು ಹೇಳುವುದಿಲ್ಲ. ಆ ಖಾತೆಯವರ ಮೊಮ್ಮಕ್ಕಳು ಇನ್ನೂ ಇದ್ದಾರೆ, ಸುಮ್ಮನೆ ಯಾಕೆ ಮನಸ್ತಾಪ.

ಬೀದರ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಒಂದೂವರೆ ತಿಂಗಳಾಗಿತ್ತು. ಕುರ್ಚಿಗಳು ಅವೇ, ಕೂತವರೂ ಅವರೇ, ಮೊಹರು ಮಾತ್ರ ಬೇರೆ ಬಂದಿತ್ತು. ಒಂದು ದಿನ ಆ ಹೊಸ ಮೊಹರು ಹೊತ್ತ ಕಾಗದವೊಂದು ದಫ್ತರಿಗೆ ಬಂತು. ದಫ್ತರಿನ ಕಾಗದಪತ್ರ ನೋಡುವ ಪೇಷ್ಕಾರ ಶಿವರಾಜಪ್ಪ ಅದನ್ನು ಮೂರು ಸಲ ಓದಿ, ಕನ್ನಡಕ ಒರೆಸಿ, ಬಕ್ಕಪ್ಪನನ್ನು ಕರೆದ. ಬರುವ ಪುಷ್ಯ ಮಾಸದಲ್ಲಿ ಮೈಸೂರಿನ ಕಡೆಯ ಸಾಹೇಬರೊಬ್ಬರು ಬೀದರಿಗೆ ಬಂದು ಹಳೇ ಸರ್ಕಾರದ ಗಾಡಿಗಳನ್ನೆಲ್ಲ ತಪಾಸಣೆ ಮಾಡುತ್ತಾರೆ. ನಡೆಯುವ ಗಾಡಿ ಉಳಿಯುತ್ತದೆ. ನಡೆಯದ ಗಾಡಿ ಹರಾಜಿಗೆ ಹೋಗುತ್ತದೆ, ಅದರ ಡ್ರೈವರನ ಹುದ್ದೆಯೂ ಅದರ ಬೆನ್ನ ಹಿಂದೆಯೇ ಹೋಗುತ್ತದೆ.

ಹುದ್ದೆ ಹೋದರೆ ಬಕ್ಕಪ್ಪನಿಗೆ ಉಳಿಯುವುದು ಚಿಂತಾಕಿಯಲ್ಲಿದ್ದ ಮಾವನ ಎಂಬತ್ತು ಕುರಿ. ಮಾವ ಹಣಮಂತಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅಳಿಯ ಮೋಟಾರು ಬಿಟ್ಟು ಮಂದೆಗೆ ಬರಲಿ ಎಂದು ಮದುವೆಯಾದ ದಿನದಿಂದ ಕಾಯುತ್ತಿದ್ದ. ಸಂತೆಗೆ ಬಂದಾಗೆಲ್ಲ, "ಅಳಿಯಂದ್ರ, ಕುರಿಗಿ ಪೆಟ್ರೋಲ್ ಬ್ಯಾಡ, ಕ್ಲಚ್ಚೂ ಬ್ಯಾಡ. ಯಾವಾಗ ಬರ್ತೀರಿ?" ಎಂದು ನಗುನಗುತ್ತ ಕೇಳುವನು. ಆ ನಗು ದೂರದಿಂದ ಕಂಡರೆ ಸಾಕು, ಬಕ್ಕಪ್ಪ ಸಂತೆಯ ಇನ್ನೊಂದು ದಾರಿ ಹಿಡಿಯುತ್ತಿದ್ದ. ಕುರಿಗಳಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಇವನು ಕರೆದ ದಿಕ್ಕು ಬಿಟ್ಟು ಉಳಿದ ಎಲ್ಲ ದಿಕ್ಕಿಗೂ ಹೋಗುತ್ತಿದ್ದವು.

ಹೀಗಾಗಿ ಗಾಡಿ ಉಳಿಯಲೇಬೇಕು. ಬೇರೆಯವನಾಗಿದ್ದರೆ ಎಂಜಿನ್ನು ತೊಳೆಯುತ್ತಿದ್ದ, ಬೋಲ್ಟು ಬಿಗಿ ಮಾಡುತ್ತಿದ್ದ. ಬಕ್ಕಪ್ಪ ಅದರ ಬದಲು, ಸಾಹೇಬರು ಗಾಡಿ ಹತ್ತಿದಾಗ ಅವರ ಕಾಲಿಗೆ ತಣ್ಣನೆಯ ತಗಡು ತಾಗಿದರೆ ಔರಾದದ ಮರ್ಯಾದೆ ಏನಾದೀತು ಎಂದು ಚಿಂತೆ ಮಾಡಿದ. ಮದುವೆಯಲ್ಲಿ ಮಾವ ಹೊದಿಸಿದ್ದ ಕರಿ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು, ನಾಲ್ಕು ಮಡಿಕೆ ಮಾಡಿ, ವ್ಯಾನಿನ ಮುಂಭಾಗದ ನೆಲಕ್ಕೆ ಈ ತುದಿಯಿಂದ ಆ ತುದಿಗೆ ಹಾಸಿದ. ಪೆಡಲುಗಳ ಬುಡದವರೆಗೂ ಒತ್ತಿ ಕೂಡಿಸಿದ. ಚಿಟಿಕೆ ಭಂಡಾರದ ಅರಿಶಿಣ ಹಾಕಿದ, ಕಾಯಿ ಒಡೆದ.

ಇಲ್ಲಿಗೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಕುರಿ ಕಾಯುವವರ ಮನೆತನದಲ್ಲಿ ಹಾಸಿದ ಕಂಬಳಿ ಎಂದರೆ ದೇವರ ಗದ್ದಿಗೆ. ಅದನ್ನು ಚಪ್ಪಲಿ ಕಾಲಲ್ಲಿ ತುಳಿಯುವಂತಿಲ್ಲ. ಹಾಸಿದ ಮೇಲೆ ಅಂದುಕೊಂಡ ಕೆಲಸ ಆಗುವ ತನಕ ಎತ್ತುವಂತೆಯೂ ಇಲ್ಲ. ಅವತ್ತಿನಿಂದ ವ್ಯಾನು ಹತ್ತುವವರು ಚಪ್ಪಲಿ ಬಿಟ್ಟೇ ಹತ್ತಬೇಕು ಎಂಬ ಕಾಯಿದೆ ಜಾರಿಗೆ ಬಂತು. ಬಕ್ಕಪ್ಪ ಬರಿಗಾಲಲ್ಲೇ ಗಾಡಿ ಹೊಡೆಯತೊಡಗಿದ. ಶಿವರಾಜಪ್ಪ ಮೊದಲ ದಿನವೇ ಚಪ್ಪಲಿಯನ್ನು ದಫ್ತರಿನ ಅಂಗಳದಲ್ಲಿ ಬಿಟ್ಟು ಹತ್ತಿ, ಸಂತಪುರದಲ್ಲಿ ಇಳಿದ ಮೇಲೆ ಚಪ್ಪಲಿ ಔರಾದದಲ್ಲೇ ಉಳಿದದ್ದು ನೆನಪಾಗಿ, ಅಲ್ಲಿಯ ಮುಳ್ಳಿನಲ್ಲಿ ಬರಿಗಾಲಲ್ಲೇ ಸರ್ಕಾರಿ ಕೆಲಸ ಮುಗಿಸಿಕೊಂಡು ಬಂದ. ಆಗಿನಿಂದ ಅವನಿಗೆ ಬಕ್ಕಪ್ಪನ ಮೇಲೆ ಒಳಗೊಳಗೇ ಒಂದು ಸಿಟ್ಟು ಇತ್ತು.

ಕಂಬಳಿ ಹಾಸಿ ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಬಕ್ಕಪ್ಪ ಗಾಡಿ ಚಾಲೂ ಮಾಡಿ ಕ್ಲಚ್ಚು ಒತ್ತಿದರೆ ಪೆಡಲು ಸರಕ್ಕನೆ ನೆಲಕ್ಕೆ ಹೋಯಿತು. ಗೇರು ಹಾಕಿದರೆ ಗರ್ರ್ ಎಂದು ಇಡೀ ಓಣಿಗೆ ಕೇಳುವ ಹಾಗೆ ಅರಚಿತು. ಪಕ್ಕದ ಮನೆಯ ಗಿರಿಜಾಬಾಯಿ ರೊಟ್ಟಿ ಬಡಿಯುವುದು ಬಿಟ್ಟು ಹೊರಗೆ ಬಂದಳು.

"ಏನೋ ಬಕ್ಕಪ್ಪಾ, ಯಾರಿಗಿ ಕೊಯ್ಲತ್ತಿ?"

"ಏನಿಲ್ಲ ಕಾಕು, ಜರಾ ಥಂಡಿಗಿ ಹಿಡದದ."

ನಾಲ್ಕೈದು ಸಲ ಪಟಪಟ ಒತ್ತಿದ ಮೇಲೆ ಪೆಡಲಿಗೆ ಜೀವ ಬಂತು, ಗೇರೂ ಬಿತ್ತು. ಬಾನೆಟ್ಟು ಎತ್ತಿ ಎಣ್ಣೆಯ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ತೊಗರಿ ಕಡ್ಡಿ ಇಳಿಸಿ ನೋಡಿದರೆ ಕಡ್ಡಿಯ ತುದಿ ಮಾತ್ರ ನೆಂದಿತ್ತು. ಬೀದರಿನಿಂದ ತಂದಿಟ್ಟಿದ್ದ ಎಣ್ಣೆ ಸುರಿದು ತುಂಬಿಸಿದ. ಮೂರನೆಯ ದಿನ ಮತ್ತೆ ಅದೇ ಹಾಡು. ಮತ್ತೆ ತುಂಬಿಸಿದ. ಮತ್ತೆ ಕಡಿಮೆಯಾಯಿತು.

ಬಕ್ಕಪ್ಪ ದಡ್ಡನಲ್ಲ. ಗಾಡಿಯ ಕೆಳಗೆ ಅಂಗಾತ ಮಲಗಿ ನಳಿಗೆಯ ಉದ್ದಕ್ಕೂ ಬೆರಳಾಡಿಸಿದ. ಗೇರುಪೆಟ್ಟಿಗೆಯ ಹತ್ತಿರ ಕ್ಲಚ್ಚು ನೂಕುವ ಗುಂಡಿಯನ್ನು ಮುಟ್ಟಿ ನೋಡಿದ. ಎಲ್ಲ ಕಡೆ ಒಣ ಧೂಳು. ರಾತ್ರಿ ಗಾಡಿ ನಿಂತಿದ್ದ ಜಾಗದ ಮಣ್ಣಿನಲ್ಲಿ ಒಂದು ಹನಿಯ ಗುರುತೂ ಇಲ್ಲ. ಎದ್ದು ಬಂದು ಮೈ ಜಾಡಿಸಿ ತನ್ನ ವಿಚಾರವನ್ನು ಶಿವರಾಜಪ್ಪನ ಮುಂದೆ ಮಂಡಿಸಿದ.

"ಪೇಷ್ಕಾರ್ರೆ, ಎಣ್ಣಿ ಸೋರಿದ್ರ ನೆಲಕ್ಕ ಬೀಳಬೇಕು. ಹೌದಿಲ್ರಿ?"

"ಹೌದು."

"ನೆಲದಾಗ ಹನಿ ಇಲ್ಲ. ಅಂದ್ರ ಸೋರಿಲ್ಲ. ಸೋರಿಲ್ಲ, ಮತ್ತ ಡಬ್ಬಿದಾಗೂ ಇಲ್ಲ. ಅಂದ್ರ?"

"ಅಂದ್ರ?"

"ಕಳವು ಆಗ್ಲತ್ತದರಿ."

ತರ್ಕದಲ್ಲಿ ಎಲ್ಲೂ ಬಿರುಕಿಲ್ಲ ಎಂದು ಶಿವರಾಜಪ್ಪನಿಗೂ ಅನಿಸಿತು. ಅದೂ ಅಲ್ಲದೆ ಆ ಎಣ್ಣೆಗೆ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ವಾಸನೆ ಇತ್ತು. ಔಡಲೆಣ್ಣೆ ಯಾರಿಗೆ ಬೇಡ? ಮಲಬದ್ಧಕ್ಕೆ ಬೇಕು, ಮಂಡಿ ನೋವಿಗೆ ಬೇಕು, ನೆತ್ತಿ ತಂಪಿಗೆ ಬೇಕು. ಇಡೀ ಔರಾದ ಸಂಶಯಕ್ಕೆ ಒಳಗಾಯಿತು.

ತನಿಖೆಯನ್ನು ಬಕ್ಕಪ್ಪ ಮೂಗಿನಿಂದ ಶುರು ಮಾಡಿದ. ದಫ್ತರಿನ ಜವಾನನ ಪಕ್ಕ ನಿಂತು ಒಮ್ಮೆ ಮೂಸಿದ, ಬೀಡಿಯ ವಾಸನೆ ಬಂತು. ಚಹಾದ ಅಂಗಡಿಯವನನ್ನು ಮೂಸಿದ, ಬೆಲ್ಲದ ವಾಸನೆ. ಮರುದಿನ ಗಿರಿಜಾಬಾಯಿ ಅಂಗಳದ ಬಿಸಿಲಿನಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಕೂದಲು ಮಿರಮಿರ ಮಿಂಚುತ್ತಿತ್ತು. ಬಕ್ಕಪ್ಪ ಹಿಂದಿನಿಂದ ಮೆಲ್ಲಗೆ ಹೋಗಿ, ಬಾಗಿ, ಉಸಿರೆಳೆದ.

ಗಿರಿಜಾಬಾಯಿ ತಿರುಗಿ ನೋಡಿದಳು. ಆಮೇಲೆ ಬಾಚಣಿಗೆಯನ್ನು ಆಯುಧದ ಹಾಗೆ ಹಿಡಿದು ಎದ್ದಳು.

"ನನ್ನ ತಲಿ ಮೂಸಾಕ ನೀ ಯಾಂವೋ?"

"ಕಾಕು, ಸರ್ಕಾರಿ ಕೆಲಸ ಅದ. ಸಿಟ್ಟಿಗೇಳಬ್ಯಾಡ. ತಲಿಗಿ ಏನು ಹಚ್ಚಿ?"

"ನನ್ನ ಹೊಲದ ಕುಸುಬಿ, ನನ್ನ ಗಾಣದ ಎಣ್ಣಿ. ನಿಮ್ಮ ಸರ್ಕಾರಕ್ಕ ಇನ್ನ ನನ್ನ ತಲೀನೂ ತಪಾಸಣಿ ಮಾಡೋದು ಬಂತೇನು? ಬರ್ರಿ, ಎಲ್ಲಾರೂ ಬರ್ರಿ! ಈ ಭಾಡಕೋ ಹೊಸಾ ರಾಜ್ಯ ಬಂದದ ಅಂತ ಹೆಣ್ಣಮಕ್ಕಳ ತಲಿ ಮೂಸ್ಲತ್ತಾನ!"

ಓಣಿ ಕೂಡಿತು. ಶಿವರಾಜಪ್ಪನೂ ಓಡಿ ಬಂದ. ಇಷ್ಟು ಜನ ಕೂಡಿದಾಗ ಏನಾದರೂ ಬರೆಯದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವನು ಅಲ್ಲೇ ಒಂದು ಪಂಚನಾಮೆ ಬರೆದ: ಗಿರಿಜಾಬಾಯಿಯ ತಲೆ ಬಕ್ಕಪ್ಪನ ಪ್ರಕಾರ ಔಡಲೆಣ್ಣೆ, ಗಿರಿಜಾಬಾಯಿಯ ಪ್ರಕಾರ ಕುಸುಬೆ ಎಣ್ಣೆ, ಪಂಚರ ಪ್ರಕಾರ ದೂರದಿಂದ ಗೊತ್ತಾಗುವುದಿಲ್ಲ, ಹತ್ತಿರ ಹೋಗಲು ಪಂಚರು ಒಪ್ಪಲಿಲ್ಲ. ಗಿರಿಜಾಬಾಯಿ ಹೆಬ್ಬೆಟ್ಟು ಒತ್ತುವ ಬದಲು ಸಹಿ ಮಾಡಿ, "ಈ ಕಾಗದ ಕಳದೀರಿ, ಸಂಭಾಳಸಿ ಇಡ್ರಿ. ಮುಂದ ನನಗ ಬೇಕಾಗ್ತದ" ಎಂದಳು.

ಸಂಜೆ ಶಿವರಾಜಪ್ಪ ಬಾನೆಟ್ಟಿಗೆ ಸುತ್ತಲೂ ಸುತಳಿ ಬಿಗಿದು ಗಂಟಿನ ಮೇಲೆ ಅರಗು ಕರಗಿಸಿ ಹೊಸ ರಾಜ್ಯದ ಮೊಹರು ಒತ್ತಿದ. ಒಳಗೆ ಎಣ್ಣೆ ಕಂಠಪೂರ್ತಿ ತುಂಬಿತ್ತು, ಇಬ್ಬರೂ ಕಣ್ಣಾರೆ ನೋಡಿದ್ದರು. ಬಕ್ಕಪ್ಪ ಎರಡು ದಿನ ಅದೇ ಮೊಹರಿನ ಗಾಡಿಯಲ್ಲಿ ಡಾಬಕಾಕ್ಕೂ ಸಂತಪುರಕ್ಕೂ ಹೋಗಿಬಂದ. ಮೂರನೆಯ ದಿನ ಗೇರು ಮತ್ತೆ ಅರಚಿತು. ಶಿವರಾಜಪ್ಪ ಬಂದು ಮೊಹರು ನೋಡಿದ, ಕೂದಲಷ್ಟೂ ಒಡೆದಿರಲಿಲ್ಲ. ಒಡೆದು ಬಾನೆಟ್ಟು ಎತ್ತಿ ಕಡ್ಡಿ ಇಳಿಸಿದರೆ ಎಣ್ಣೆ ತಳದಲ್ಲಿ.

ಶಿವರಾಜಪ್ಪ ಕಡ್ಡಿಯನ್ನು ತಾನೇ ಇನ್ನೊಮ್ಮೆ ಇಳಿಸಿ ನೋಡಿದ. ಆಮೇಲೆ ಕನ್ನಡಕದ ಮೇಲಿನಿಂದ ಬಕ್ಕಪ್ಪನನ್ನು ನೋಡಿದ.

"ಬಕ್ಕಪ್ಪಾ, ಮೊಹರು ಒಡದಿಲ್ಲ. ಎಣ್ಣಿ ಹೋಗ್ಯಾದ. ಅಂದ್ರ ಮೊಹರು ಒಡೀದೆ ಎಣ್ಣಿ ತೆಗೆಯೋ ಹುನರ ಗೊತ್ತಿದ್ದಾಂವ ತೆಗದಾನ."

"ಹೌದ್ರಿ, ಭಾಳ ಪಕ್ಕಾ ಕಳ್ಳ ಅದಾನ್ರಿ."

"ಔರಾದದಿಂದ ಭಾಲ್ಕಿ ತನಕ ಈ ಹುನರ ಗೊತ್ತಿದ್ದಾಂವ ಎಷ್ಟು ಮಂದಿ?"

ಬಕ್ಕಪ್ಪನ ಬಾಯಿ ಅಭ್ಯಾಸಬಲದಿಂದ "ಒಬ್ಬನೇ ಅದಾನ್ರಿ" ಎಂದುಬಿಟ್ಟಿತು. ಹೇಳಿದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡ.

ಅವತ್ತು ದೀಪ ಹಚ್ಚುವ ಹೊತ್ತಿಗೆ ಬಕ್ಕಪ್ಪ ಮುಖ ಬಾಡಿಸಿಕೊಂಡು ಮನೆಯಲ್ಲಿ ಕೂತಿದ್ದ. ಹೆಂಡತಿ ಚಂದ್ರಭಾಗಾ ಒಲೆಯ ಮೇಲೆ ಮೇಣ ಕರಗಿಸುತ್ತಿದ್ದಳು. ಪುಷ್ಯದ ಥಂಡಿಗೆ ಔರಾದದಲ್ಲಿ ಹಿಮ್ಮಡಿ ಬಿರಿಯದವರು ಇಲ್ಲ. ಬಿರುಕಿಗೆ ಬಿಸಿ ಮೇಣ ತುಂಬುವುದು ಆಕೆಯ ವರ್ಷವರ್ಷದ ಕೆಲಸ. ಬಲಗಾಲು ಎಳೆದುಕೊಂಡು ನೋಡಿದಳು. ಹುಣಸೆ ಮರದ ತೊಗಟೆ ಹಾಗಿತ್ತು, ಮೇಣ ತುಂಬಿದಳು. ಎಡಗಾಲು ಎಳೆದುಕೊಂಡಳು. ಚಿಮಣಿ ಹತ್ತಿರ ತಂದಳು.

"ಇದು ಯಾರ ಕಾಲ್ರಿ?"

"ಯಾರ ಕಾಲ ಅಂದ್ರ? ನಂದೇ."

"ಬಲಗಾಲ ನಿಮ್ದು ಖರೆ. ಇದು ಯಾರದು? ಒಂದು ಬಿರುಕಿಲ್ಲ. ಅರಿಶಿಣ ಹಚ್ಚಿದ ಮದುಮಗನ ಕಾಲ ಆಗ್ಯಾದಲ್ರಿ!"

ಬಕ್ಕಪ್ಪ ಆ ದುಃಖದಲ್ಲೂ ಎಡಗಾಲನ್ನು ತಿರುಗಿಸಿ ನೋಡಿ ಸ್ವಲ್ಪ ಹಿಗ್ಗಿದ. "ಅದು ಕ್ಲಚ್ಚಿನ ಕಾಲು ಅದ, ಚಂದ್ರಭಾಗಾ. ಹುನರಿನ ಕಾಲು. ಬಲಗಾಲಿಗಿ ಅಂಥಾ ಕೆಲಸ ಇಲ್ಲ" ಎಂದ.

ಚಂದ್ರಭಾಗಾ ಮೂಗು ಹತ್ತಿರ ತಂದಳು. ಆಕೆಯ ಮುಖ ಬದಲಾಯಿತು.

"ಖರೆ ಹೇಳ್ರಿ. ಸರ್ಕಾರದ ಔಡಲೆಣ್ಣಿ ಕಾಲಿಗಿ ಹಚ್ಕೊಳ್ಲತ್ತೀರೇನು?"

"ನಿನ್ನಾಣಿ ಇಲ್ಲ! ಹಚ್ಕೊಳ್ಳೋದಿದ್ರ ಎರಡೂ ಕಾಲಿಗಿ ಹಚ್ಕೊಳ್ತಿದ್ದಿಲ್ಲೇನು? ಒಂದಕ್ಕ ಯಾಕ ಹಚ್ಕೊಳ್ಲಿ?"

"ಅಷ್ಟು ಶಾಣ್ಯಾ ಇದ್ದಿದ್ರ ನನಗ್ಯಾಕ ಈ ಗತಿ ಬರ್ತಿತ್ರಿ" ಎಂದು ಚಂದ್ರಭಾಗಾ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ಗಂಡ ಕಳ್ಳನೆಂದು ಆಕೆಗೆ ಅನಿಸಿರಲಿಲ್ಲ. ಆದರೆ ಕೇಳಿದವರೆಲ್ಲ ಕಳ್ಳನೆಂದೇ ಅಂದುಕೊಳ್ಳುತ್ತಾರೆ, ತಾನು ಚಿಂತಾಕಿಗೆ ಹೋಗಿ ಅಪ್ಪನ ಮುಂದೆ ಏನೆಂದು ನಿಲ್ಲಲಿ ಎಂಬುದೇ ಆಕೆಯ ಚಿಂತೆ.

ನಡುಗೋಡೆಯ ಆಚೆ ಗಿರಿಜಾಬಾಯಿ ಎಮ್ಮೆಗೆ ನೀರಿಡುತ್ತಿದ್ದಳು. ಆಕೆ ಕದ್ದು ಕೇಳಲಿಲ್ಲ. ಬಕೆಟ್ಟು ಕೆಳಗಿಟ್ಟು, ಗೋಡೆಗೆ ಒರಗಿ, ಆರಾಮಾಗಿ ನಿಂತು ಕೇಳಿದಳು.

ಮರುದಿನ ದಫ್ತರು ತೆರೆಯುವ ಮೊದಲೇ ಆಕೆ ಬಾಗಿಲಲ್ಲಿದ್ದಳು. "ಪೇಷ್ಕಾರ್ರೆ, ನನ್ನ ತಲಿ ಮೂಸಿದ್ರಿ. ಈಗ ನಿಮ್ಮ ಡ್ರೈವರನ ಎಡಗಾಲ ಮೂಸ್ರಿ."

ಬಕ್ಕಪ್ಪನನ್ನು ಬೆಂಚಿನ ಮೇಲೆ ಕೂಡಿಸಿ ಕಾಲು ಚಾಚಿಸಲಾಯಿತು. ಶಿವರಾಜಪ್ಪ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ಕೆಲಸ ಮಾಡಿರಲಿಲ್ಲ. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಬಾಗಿ, ಮೂಸಿದ. ಎದ್ದು ಮುಖ ತೊಳೆದುಕೊಂಡು ಬಂದು ವರದಿ ಬರೆದ: "ಸದರಿ ಮುಲಾಜಿಮ ಡ್ರೈವರನ ಎಡ ಹಿಮ್ಮಡಿ ನುಣುಪಾಗಿದ್ದು ಔಡಲೆಣ್ಣೆಯ ವಾಸನೆ ಬರುತ್ತಿದೆ. ಬಲ ಹಿಮ್ಮಡಿ ಇಲಾಖೆಯ ಉಳಿದವರ ಹಿಮ್ಮಡಿಯಂತೆಯೇ ಇದೆ. ಕಾಯಿದೆ ಪ್ರಕಾರ ಮುಂದಿನ ಕ್ರಮಕ್ಕಾಗಿ ಮೈಸೂರಿನ ಸಾಹೇಬರ ಮುಂದೆ ಮಂಡಿಸಲಾಗುವುದು."

ಬಕ್ಕಪ್ಪನಿಗೆ ಅವತ್ತು ಅನ್ನ ಸೇರಲಿಲ್ಲ. ಗಾಡಿ ನಡೆಯದಿದ್ದರೆ ಹುದ್ದೆ ಹೋಗುವುದು ಎಂದಿತ್ತು. ಈಗ ಗಾಡಿ ನಡೆದರೂ ಹುದ್ದೆ ಹೋಗುವುದು, ಜೊತೆಗೆ ಹೆಸರೂ ಹೋಗುವುದು. ಕುರಿಗಳೂ ಇನ್ನು ತನ್ನನ್ನು ಇಟ್ಟುಕೊಳ್ಳುತ್ತವೋ ಇಲ್ಲವೋ ಎಂದು ಅವನಿಗೆ ನಿಜವಾಗಿಯೂ ಚಿಂತೆ ಹತ್ತಿತು.

ತಪಾಸಣೆಯ ದಿನ ಬೆಳಿಗ್ಗೆ ವ್ಯಾನು ಬೀದರಿಗೆ ಹೊರಟಿತು. ಮುಂದೆ ಬಕ್ಕಪ್ಪನ ಪಕ್ಕ ಬರಿಗಾಲಲ್ಲಿ ಶಿವರಾಜಪ್ಪ, ಮಡಿಲಲ್ಲಿ ಹಿಮ್ಮಡಿಯ ವರದಿ ಮತ್ತು ಈ ಸಲ ಮರೆಯದೆ ತಂದ ಚಪ್ಪಲಿ. ಹಿಂದೆ ಸಾಕ್ಷಿಗೆಂದು ಗಿರಿಜಾಬಾಯಿ, ಬುತ್ತಿಯ ಗಂಟಿನ ಸಮೇತ. ಸಂತಪುರ ಇನ್ನೂ ಬಂದಿರಲಿಲ್ಲ, ಪೆಡಲು ಸರಕ್ಕನೆ ನೆಲಕ್ಕೆ ಹೋಯಿತು. ಹತ್ತು ಸಲ ಒತ್ತಿದರೂ ಜೀವ ಬರಲಿಲ್ಲ, ತುಂಬಿಸಲು ಎಣ್ಣೆಯೂ ಉಳಿದಿರಲಿಲ್ಲ. ಆಗ ಗಾಡಿ ಎರಡನೇ ಗೇರಿನಲ್ಲಿತ್ತು, ಅದರಲ್ಲೇ ಉಳಿಯಿತು.

"ಸಂತಪುರದಾಗ ಚಹಾಕ್ಕ ನಿಂದರಸು" ಎಂದ ಶಿವರಾಜಪ್ಪ.

"ನಿಂದರಸಂಗಿಲ್ರಿ. ನಿಂತ್ರ ಮತ್ತ ಹೊಂಡ್ತದೋ ಇಲ್ಲೋ ಗ್ಯಾರಂಟಿ ಇಲ್ಲ."

ಸಂತಪುರದ ಚಹಾದಂಗಡಿ ಕಣ್ಣ ಮುಂದೆ ಬಂದು, ಕೈಗೆಟುಕುವಷ್ಟು ಹತ್ತಿರವಾಗಿ, ಹಿಂದಕ್ಕೆ ಹೋಯಿತು. ಶಿವರಾಜಪ್ಪ ಕುತ್ತಿಗೆ ತಿರುಗಿಸಿ ಅದು ಮರೆಯಾಗುವ ತನಕ ನೋಡಿದ. ಎರಡನೇ ಗೇರಿನಲ್ಲಿ ವ್ಯಾನು ಕೂಗುತ್ತ ಕೂಗುತ್ತ ಸಾಗಿತು. ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಪಕ್ಕದಲ್ಲೇ ಸ್ವಲ್ಪ ದೂರ ಬಂದು, ಯಾವ ಊರು, ಎಲ್ಲಿಗೆ ಹೊರಟಿದ್ದೀರಿ ಎಂದೆಲ್ಲ ಕೇಳಿ, ನಮಸ್ಕಾರ ಮಾಡಿ ಮುಂದೆ ಹೋದ.

ಬೀದರಿನ ತಪಾಸಣೆಯ ಅಂಗಳದಲ್ಲಿ ಭಾಲ್ಕಿ, ಹುಮನಾಬಾದಿನ ಗಾಡಿಗಳು ಸಾಲಾಗಿ ನಿಂತಿದ್ದವು. ಬಕ್ಕಪ್ಪ ಸಾಲಿನ ಕೊನೆಗೆ ಬಂದು ಸ್ವಿಚ್ಚು ಆರಿಸಿದ. ಗಾಡಿ ಜೋರಾಗಿ ಜಗ್ಗಿ ನಿಂತಿತು, ಒಳಗಿದ್ದ ಗಿರಿಜಾಬಾಯಿಯ ಬುತ್ತಿ ಶಿವರಾಜಪ್ಪನ ತಲೆಗೆ ಬಡಿಯಿತು.

ಮೈಸೂರಿನ ಸಾಹೇಬರು ತೆಳ್ಳಗಿನ ಮನುಷ್ಯ. ಬೂಟು, ಬಿಳೀ ಕಾಲುಚೀಲ, ಕೈಯಲ್ಲಿ ನೋಟುಬುಕ್ಕು. ಅವರ ಜೊತೆಗೆ ಬೀದರಿನ ಮಿಸ್ತ್ರಿ ಖಾಸಿಂ ಅಲಿ ಇದ್ದ. ನಿಜಾಮನ ಕಾಲದಿಂದ ಮೋಟಾರುಗಳ ಹೊಟ್ಟೆಯಲ್ಲೇ ಗಡ್ಡ ನೆರೆಸಿಕೊಂಡವನು. ಸಾಹೇಬರು ಗಾಡಿಗೆ ಬರುವ ಮೊದಲೇ ಶಿವರಾಜಪ್ಪ ವರದಿ ಮುಂದೆ ಹಿಡಿದ. ಸಾಹೇಬರು ಓದಿದರು. ಮತ್ತೊಮ್ಮೆ ಓದಿದರು.

"ಏನ್ರೀ ಇದು? ಹಿಮ್ಮಡಿ ನುಣುಪಾಗಿದೆ ಅಂತ ಬರೆದಿದ್ದೀರಲ್ಲ?"

"ಭಾಳ ನುಣುಪದರಿ ಸಾಹೇಬ್ರ. ನಾ ಸ್ವತಃ ಮೂಸಿದೇನಿ."

ಸಾಹೇಬರು ಶಿವರಾಜಪ್ಪನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಖಾಸಿಂ ಅಲಿ ಮಾತ್ರ ಗಡ್ಡ ಕೆರೆದುಕೊಂಡು, "ಎಡಗಾಲಾ? ಬಲಗಾಲ ತೋರಸ್ರಿ ಬಕ್ಕಪ್ಪ ಭಾಯಿ" ಎಂದ. ನೋಡಿ ಗಡ್ಡದೊಳಗೇ ನಕ್ಕ. "ಸಾಹೇಬ್ರ, ಬರಿಯೋದು ಆಮ್ಯಾಲ ಬರೀರಿ. ಮೊದಲ ನೀವೇ ಒಮ್ಮಿ ಕೂತು ಕ್ಲಚ್ಚು ಒತ್ರಿ."

ಸಾಹೇಬರು ಬೂಟುಗಾಲನ್ನು ಎತ್ತಿದ್ದೇ ತಡ, ಬಕ್ಕಪ್ಪ ಅಡ್ಡ ಬಿದ್ದ. "ಸಾಹೇಬ್ರ, ಕಾಲ ಮುಗೀತೇನಿ, ಬೂಟ ಬಿಡ್ರಿ. ಗದ್ದಿಗಿ ಅದ. ನಿಮ್ಮ ಸಲುವಾಗೇ ಹಾಸೇನಿ."

ಸಾಹೇಬರಿಗೆ ಈ ಜಿಲ್ಲೆಯ ಪದ್ಧತಿಗಳು ಇನ್ನೂ ಹೊಸವು. ಯಾವುದಕ್ಕೆ ಯಾರು ನೊಂದುಕೊಳ್ಳುತ್ತಾರೋ ಎಂಬ ಭಯದಲ್ಲೇ ಬಂದ ದಿನದಿಂದ ಓಡಾಡುತ್ತಿದ್ದರು. ಮಾತಾಡದೆ ಬೂಟು ಬಿಚ್ಚಿ, ಬಿಳೀ ಕಾಲುಚೀಲದಲ್ಲಿ ಹತ್ತಿ ಕೂತರು. ಕ್ಲಚ್ಚು ಒತ್ತಿದರು, ಪೆಡಲು ನೆಲ ಮುಟ್ಟಿತು. ಮತ್ತೆ ಒತ್ತಿದರು. ಏಳೆಂಟು ಸಲ ಒತ್ತಿ ತಲೆಯಾಡಿಸಿ ಕೆಳಗಿಳಿದರು. ನೋಟುಬುಕ್ಕು ತೆರೆದು, "ಕ್ಲಚ್ ಪೂರ್ತಿ ಹೋಗಿದೆ. ಇದನ್ನ ರದ್ದು ಮಾಡೋದೇ ಸರಿ" ಎಂದು ಪೆನ್ನಿನ ಮುಚ್ಚಳ ತೆಗೆದರು. ಬಕ್ಕಪ್ಪನ ಕಣ್ಣ ಮುಂದೆ ಎಂಬತ್ತು ಕುರಿಗಳೂ ಒಟ್ಟಿಗೆ ಬಂದು ನಿಂತವು.

ಆಗ ಗಿರಿಜಾಬಾಯಿ, "ನಿಂದರ್ರಿ" ಎಂದಳು.

ಎಲ್ಲರೂ ತಿರುಗಿದರು. ಆಕೆ ನೆಲ ನೋಡುತ್ತಿದ್ದಳು. ಸಾಹೇಬರು ವ್ಯಾನಿನಿಂದ ಇಳಿದು ನಡೆದು ಬಂದ ಹಾಸುಗಲ್ಲಿನ ಮೇಲೆ ಬಲಗಾಲಿನ ಗುರುತಿರಲಿಲ್ಲ. ಎಡಗಾಲಿನದು ಮಾತ್ರ ಒಂದೊಂದೂ ಸ್ಪಷ್ಟವಾಗಿ, ಎಣ್ಣೆಯಲ್ಲಿ ಅದ್ದಿ ಒತ್ತಿದ ಹಾಗೆ ಮಿಂಚುತ್ತಿತ್ತು.

"ಪೇಷ್ಕಾರ್ರೆ, ಸಾಹೇಬರದೂ ಮೂಸ್ರಿ" ಎಂದಳು ಗಿರಿಜಾಬಾಯಿ. "ಕಾಯಿದೆ ಎಲ್ಲಾರಿಗೂ ಒಂದೇ ಅಲ್ಲೇನ್ರಿ?"

ಅಂಗಳದ ಜನ ಮೆಲ್ಲಗೆ ಹತ್ತಿರ ಸರಿದರು. ಶಿವರಾಜಪ್ಪ ಕನ್ನಡಕ ತೆಗೆಯಲೋ ಬೇಡವೋ ಎಂದು ಕೈ ಮೇಲೆತ್ತಿ ಅಲ್ಲೇ ಹಿಡಿದ. ಸಾಹೇಬರು ಒಂಟಿಕಾಲಲ್ಲಿ ನಿಂತು, ಖಾಸಿಂ ಅಲಿಯ ಹೆಗಲು ಹಿಡಿದು, ತಮ್ಮ ಎಡಗಾಲಿನ ಚೀಲ ಎಳೆದು ತೆಗೆದು, ತಾವೇ ಮೂಸಿದರು.

"ಹರಳೆಣ್ಣೆ!" ಎಂದರು.

"ಕಳ್ಳ ಸಿಕ್ಕ ಸಾಹೇಬ್ರ" ಎಂದ ಖಾಸಿಂ ಅಲಿ. "ಹೊರಗ ಸೋರಿದ್ರ ನೆಲಕ್ಕ ಬೀಳ್ತಿತ್ತು. ಇದು ಒಳಗ ಸೋರ್ಲತ್ತದ. ಪೆಡಲ್ ಒತ್ತಿದಾಗೊಮ್ಮಿ ಎಣ್ಣಿ ನೂಕೋ ಸಿಲಿಂಡರಿನ ರಬ್ಬರ ಸವದು ಹೋಗ್ಯಾದ. ಎಣ್ಣಿ ಮುಂದ ಹೋಗೋ ಬದಲಿ ಹಿಂದ ಬಂದು, ಪೆಡಲಿನ ಮ್ಯಾಲಿಂದ ಹರದು, ಇವನ ಹಿಮ್ಮಡಿಗಿ ಮಾಲೀಸ ಮಾಡಿ, ಕೆಳಗ ಇಳೀತದ. ಎಣ್ಣಿ ಖಾಲಿ ಆದಂಗ ನಳಿಗ್ಯಾಗ ಗಾಳಿ ಸೇರ್ತದ, ಕ್ಲಚ್ಚು ಬಿಡಂಗಿಲ್ಲ. ತಗಡಿನ ಮ್ಯಾಲ ಇಳದಿದ್ರ ಮೊದಲನೇ ದಿನಾನೇ ಕಾಣ್ತಿತ್ತು. ಕೆಳಗ ಏನು ಹಾಸಿರಿ?"

ಎಲ್ಲರೂ ಬಕ್ಕಪ್ಪನನ್ನು ನೋಡಿದರು. ಬಕ್ಕಪ್ಪ ಕಂಬಳಿಯನ್ನು ನೋಡಿದ. ಕಾಲಡಿಯಲ್ಲಿ ಅದು ಹಸಿಯಾಗಿರುತ್ತಿದ್ದದ್ದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮುಂಜಾವಿನ ಇಬ್ಬನಿ ಅಂದುಕೊಂಡಿದ್ದ. ಕುರಿಯ ಉಣ್ಣೆಯ ವಾಸನೆಯ ಮುಂದೆ ಔಡಲೆಣ್ಣೆಯ ವಾಸನೆ ಏಳುವ ಹಾಗೂ ಇರಲಿಲ್ಲ.

"ಎತ್ತು ಅದನ್ನ" ಎಂದರು ಸಾಹೇಬರು.

"ಕೆಲಸ ಆಗೋತನಕ ಎತ್ತಂಗಿಲ್ರಿ ಸಾಹೇಬ್ರ..."

"ಇನ್ನೊಂದು ದಿನ ಅಲ್ಲೇ ಬಿಟ್ರ ಕೆಲಸಾನೇ ಇರಂಗಿಲ್ಲ ಭಾಯಿ" ಎಂದ ಖಾಸಿಂ ಅಲಿ.

ಬಕ್ಕಪ್ಪ ಕೈಮುಗಿದು, ಹಣೆ ಮುಟ್ಟಿಸಿ, ಎರಡೂ ಕೈಯಿಂದ ಕಂಬಳಿ ಎತ್ತಿದ. ಅದು ಎತ್ತಲಾರದಷ್ಟು ಭಾರವಾಗಿತ್ತು. ಒಂದು ಕಡೆ ಖಾಸಿಂ ಅಲಿ, ಇನ್ನೊಂದು ಕಡೆ ಬಕ್ಕಪ್ಪ ಹಿಡಿದು ಹಿಂಡಿದರೆ, ಔರಾದದಲ್ಲಿ ಹದಿನೈದು ದಿನದಿಂದ ಕಳವಾಗಿದ್ದ ಎಣ್ಣೆಯೆಲ್ಲ ಎಲ್ಲರ ಎದುರಿಗೆ ಧಾರೆಯಾಗಿ ಬಕೆಟ್ಟಿಗೆ ಬಿತ್ತು.

ಖಾಸಿಂ ಅಲಿ ತನ್ನ ಪೆಟ್ಟಿಗೆಯ ತಳದಿಂದ ಕಾಗದದ ಪುಡಿಕೆಯೊಂದನ್ನು ತೆಗೆದು, ಬಟ್ಟಲಿನಂಥ ಹೊಸ ರಬ್ಬರು ಹಾಕಿ, ಡಬ್ಬಿಗೆ ಹೊಸ ಎಣ್ಣೆ ತುಂಬಿದ. ಇನ್ನು ನಳಿಗೆಯ ಗಾಳಿ ತೆಗೆಯಬೇಕು. ಅವನು ಗಾಡಿಯ ಕೆಳಗೆ ಮಲಗಿದ, ಬಕ್ಕಪ್ಪ ಪೆಡಲಿನ ಮೇಲೆ. ಸಣ್ಣ ರಬ್ಬರು ನಳಿಗೆಯ ತುದಿಯನ್ನು ಎಣ್ಣೆ ಇದ್ದ ಬಾಟ್ಲಿಯೊಳಗೆ ಮುಳುಗಿಸಿ ಹಿಡಿಯಲು ಯಾರೂ ಸಿಗದೆ ಶಿವರಾಜಪ್ಪನೇ ಕುಕ್ಕರಗಾಲಲ್ಲಿ ಕೂತ.

"ಒತ್ತು!" ಎಂದು ಕೆಳಗಿನಿಂದ ಕೂಗು ಬಂತು. "ಹಿಡಿ!... ಬಿಡು!"

"ಗುಳ್ಳಿ ಬರ್ಲತ್ತಾವ" ಎಂದಳು ಬಾಗಿ ನೋಡುತ್ತಿದ್ದ ಗಿರಿಜಾಬಾಯಿ.

"ಒತ್ತು! ಹಿಡಿ!... ಬಿಡು!"

"ಇನ್ನೂ ಅವ. ಸಣ್ಣವು."

"ಒತ್ತು!" ಎಂದು ಈ ಸಲ ಸಾಹೇಬರೇ ಕೂಗಿದರು. ಒಂದು ಕಾಲಿಗೆ ಚೀಲ, ಒಂದು ಕಾಲು ಬರಿದು. ಭಾಲ್ಕಿಯ ಡ್ರೈವರನೂ ಸೇರಿ ಇಡೀ ಅಂಗಳ "ಹಿಡಿ! ಬಿಡು!" ಎನ್ನತೊಡಗಿತು.

"ಖಲಾಸ್. ಗುಳ್ಳಿ ಇಲ್ಲ" ಎಂದಳು ಗಿರಿಜಾಬಾಯಿ. ಖಾಸಿಂ ಅಲಿ ಬಿಗಿ ಮಾಡಿ ಹೊರಬಂದ. ಬಕ್ಕಪ್ಪ ಗಾಡಿ ಚಾಲೂ ಮಾಡಿ, ಕಣ್ಣು ಮುಚ್ಚಿಕೊಂಡು ಕ್ಲಚ್ಚು ಒತ್ತಿ ಗೇರು ಹಾಕಿದ. ಗೇರು ಸದ್ದಿಲ್ಲದೆ ಬಿತ್ತು. ಬಿದ್ದದ್ದು ನಂಬಿಕೆಯಾಗದೆ ತೆಗೆದು ಇನ್ನೊಮ್ಮೆ ಹಾಕಿದ. ಆಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗಳಗಳ ಅತ್ತುಬಿಟ್ಟ.

ಸಾಹೇಬರು ನೋಟುಬುಕ್ಕಿನಲ್ಲಿ ಬರೆದರು: "ಗಾಡಿ ಸರಿಯಿದೆ, ಡ್ರೈವರನೂ ಇರಲಿ. ಇನ್ನು ಮುಂದೆ ಗಾಡಿಯ ನೆಲಕ್ಕೆ ಏನನ್ನೂ ಹಾಸಕೂಡದು." ಹಿಮ್ಮಡಿಯ ವರದಿಯನ್ನು ಏನು ಮಾಡುವುದೆಂದು ತಿಳಿಯದೆ ತಮ್ಮ ಎಣ್ಣೆಯ ಕಾಲುಚೀಲವನ್ನು ಅದರಲ್ಲೇ ಸುತ್ತಿ ಶಿವರಾಜಪ್ಪನ ಕೈಗೆ ಕೊಟ್ಟರು.

ಔರಾದಕ್ಕೆ ಬಂದ ಮೇಲೆ ಬಕ್ಕಪ್ಪ ಹದಿನೈದು ದಿನ ಗಿರಿಜಾಬಾಯಿಯ ಮನೆಯ ಮುಂದೆ ತಲೆ ತಗ್ಗಿಸಿಕೊಂಡು ಓಡಾಡಿದ. ಎಣ್ಣೆಯ ಕ್ಲಚ್ಚಿನ ಮಾತು ಎತ್ತದೆಯೇ ಚಹಾ ಕುಡಿದು ಮುಗಿಸಿದ. ಒಂದು ಸಂಜೆ ಚಂದ್ರಭಾಗಾ ಮೇಣ ಕರಗಿಸಿಕೊಂಡು ಬಂದು ಅವನ ಎಡಗಾಲು ಎಳೆದುಕೊಂಡಳು. ನೋಡಿದವಳೇ, "ಬಿರದದರಿ!" ಎಂದು ಕೂಗಿದಳು. ಹಿಮ್ಮಡಿಯಲ್ಲಿ ಎರಡು ಬಿರುಕು, ಒಂದರಲ್ಲಿ ರಕ್ತವೂ ಇಣುಕುತ್ತಿತ್ತು. ಅಂದರೆ ಎಣ್ಣೆ ಇಳಿಯುತ್ತಿಲ್ಲ, ಕ್ಲಚ್ಚು ಗಟ್ಟಿಯಿದೆ, ಚಿಂತಾಕಿಯ ಕುರಿಗಳಿಗೂ ತಮಗೂ ಸಂಬಂಧವಿಲ್ಲ. ಗಂಡನ ಕಾಲು ಬಿರಿದದ್ದಕ್ಕೆ ಸಕ್ಕರೆ ಹಂಚಿದ ಹೆಂಗಸು ಔರಾದದಲ್ಲಿ ಆಕೆಯೊಬ್ಬಳೇ. ಗಿರಿಜಾಬಾಯಿಯ ಪಾಲನ್ನು ಮಾತ್ರ ವಾಟಿ ಬಟ್ಟಲಲ್ಲಿ ಹಾಕಿ, "ಇದು ನೀವೇ ಒಯ್ರಿ" ಎಂದು ಗಂಡನ ಕೈಗಿತ್ತಳು.

ಗಿರಿಜಾಬಾಯಿ ಅಂಗಳದಲ್ಲೇ ಇದ್ದಳು. ಎದುರಿಗೆ ದಫ್ತರಿನ ಕಿಟಕಿ ತೆರೆದಿತ್ತು, ಚಹಾದಂಗಡಿಯಲ್ಲಿ ಜನ ಕೂತಿದ್ದರು.

"ಏನು ಖುಷಿ?"

"ಎಡ ಹಿಮ್ಮಡಿ ಬಿರದದ ಕಾಕು. ನನ್ನಿಂದ ಭಾಳ ತಪ್ಪಾಗ್ಯಾದ. ಹೊಟ್ಟ್ಯಾಗ ಹಾಕ್ಕೊ."

ಗಿರಿಜಾಬಾಯಿ ಬಾಗಿ ಅವನ ಹಿಮ್ಮಡಿಯನ್ನು ಪರೀಕ್ಷೆ ಮಾಡಿ, "ಛಲೋ ಬಿರದದ" ಎಂದು ಒಪ್ಪಿದಳು. ಸಕ್ಕರೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಸೆರಗು ಸರಿಸಿ ತಲೆಯನ್ನು ಅವನ ಮುಂದೆ ಬಗ್ಗಿಸಿದಳು.

"ಮೂಸು. ಅವತ್ತ ಎಲ್ಲಾರ ಮುಂದ ಮೂಸಿದ್ದಿ. ಈಗೂ ಎಲ್ಲಾರ ಮುಂದ ಮೂಸಿ, ಏನ ವಾಸನಿ ಅದ ಹೇಳು."

ಬಕ್ಕಪ್ಪ ಸುತ್ತಲೂ ನೋಡಿದ. ಬೇರೆ ದಾರಿ ಇರಲಿಲ್ಲ. ಬಾಗಿ, ಓಣಿಗೆಲ್ಲ ಕೇಳುವ ಹಾಗೆ ಉಸಿರೆಳೆದು, ಗಂಟಲು ಹರಿಯುವಂತೆ ಕೂಗಿದ: "ಕುಸುಬಿ ಎಣ್ಣಿ! ಅಪ್ಪಟ ಕುಸುಬಿ ಎಣ್ಣಿ!"

ದಫ್ತರಿನ ಕಿಟಕಿಯಿಂದ ಶಿವರಾಜಪ್ಪನ ದನಿ ಬಂತು.

"ಬರಕೊಂಡೇನಿ."